ತುಪ್ಪ ಜೀವಕೋಶ ಸೇರಿದ ಮೇಲೆ

ಬಿಸಿ ತಿಳಿಸಾರಿನ ಬಟ್ಟಲಿಗೆ ಅರ್ಧ ಚಮಚ ತುಪ್ಪ ಹಾಕಿ ನೋಡಿ. ಹಾಕಿದ ಕೂಡಲೇ ಅದು ಹೊಂಬಣ್ಣದ ಸಣ್ಣ ಸಣ್ಣ ಬಿಲ್ಲೆಗಳಾಗಿ ಮೇಲೆ ತೇಲುತ್ತದೆ. ಚಮಚದಿಂದ ಕಲಕಿದರೆ ಬಿಲ್ಲೆಗಳು ಒಡೆದು ಇನ್ನೂ ಚಿಕ್ಕದಾಗುತ್ತವೆ. ಕೈ ನಿಲ್ಲಿಸಿದರೆ ಮತ್ತೆ ಒಂದನ್ನೊಂದು ಹುಡುಕಿಕೊಂಡು ಬಂದು ಸೇರುತ್ತವೆ. ನೀರಿನೊಂದಿಗೆ ಬೆರೆಯಲು ತುಪ್ಪ ಒಪ್ಪುವುದಿಲ್ಲ. ಲಿಪಿಡ್‌ಗಳ ಇಡೀ ಕಥೆಗೆ ಈ ಹಟವೇ ಬೀಗದ ಕೈ. ತುಪ್ಪ, ಎಣ್ಣೆ, ಕೊಲೆಸ್ಟೆರಾಲ್, ಜೀವಕೋಶದ ಪೊರೆಯಲ್ಲಿರುವ ಫಾಸ್ಫೊಲಿಪಿಡ್ ಇವುಗಳ ರಚನೆಯಲ್ಲಿ ಹೋಲಿಕೆ ಕಡಿಮೆ. ಆದರೂ ಎಲ್ಲವನ್ನೂ ಲಿಪಿಡ್ ಎಂಬ ಒಂದೇ ಹೆಸರಿನಡಿ ಸೇರಿಸಿದ್ದಾರೆ, ಏಕೆಂದರೆ ಯಾವುದೂ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ.

ದೇಹವಾದರೋ ಬಹುಪಾಲು ನೀರು. ರಕ್ತ ನೀರು, ಜೀವಕೋಶದ ಒಳಗೂ ನೀರು. ಹಾಗಾಗಿ ಕೊಬ್ಬನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬೇಕಾದರೂ, ಕೂಡಿಡಬೇಕಾದರೂ, ಒಡೆಯಬೇಕಾದರೂ ಪ್ರತಿ ಹೆಜ್ಜೆಗೂ ವಿಶೇಷ ಏರ್ಪಾಡು ಬೇಕು. ಆ ಏರ್ಪಾಡುಗಳು ಹಗಲಿರುಳು ನಡೆಯುತ್ತಲೇ ಇರುತ್ತವೆ. ಕಾಲೇಜಿನಲ್ಲಿ ಜೀವರಸಾಯನ ವಿಜ್ಞಾನ ಪಾಠ ಮಾಡುವ ನನಗೆ, ವಿದ್ಯಾರ್ಥಿಗಳ ತಲೆಯಿಂದ ತೆಗೆಯಲು ಬಹಳ ಕಷ್ಟವಾಗುವ ಕಲ್ಪನೆ ಒಂದಿದೆ: ಕೊಬ್ಬೆಂದರೆ ಸೊಂಟದ ಸುತ್ತ ಹೋಗಿ ಕುಳಿತುಬಿಡುವ, ಅಲ್ಲಿಂದ ಕದಲದ ಗಂಟು ಎಂಬುದು. ಕೊಬ್ಬು ಕೆರೆಯಂತೆ. ಮಟ್ಟ ಅಷ್ಟೇ ಇದ್ದಂತೆ ಕಾಣುತ್ತದೆ, ಆದರೆ ಒಂದು ಕಡೆ ನೀರು ಬರುತ್ತಿರುತ್ತದೆ, ಇನ್ನೊಂದು ಕಡೆ ತೂಬಿನಿಂದ ಹೋಗುತ್ತಿರುತ್ತದೆ.

ಇದನ್ನು ಮೊದಲು ಕಂಡವರು ರುಡಾಲ್ಫ್ ಶೋನ್‌ಹೈಮರ್. ಯಹೂದಿಯಾದ ಅವರು 1933ರಲ್ಲಿ ಜರ್ಮನಿ ಬಿಟ್ಟು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅದೇ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಯೂರಿ ಕೆಲವೇ ವರ್ಷಗಳ ಹಿಂದೆ ಭಾರಜಲಜನಕವನ್ನು, ಅಂದರೆ ಮಾಮೂಲಿ ಜಲಜನಕಕ್ಕಿಂತ ಸುಮಾರು ಎರಡರಷ್ಟು ತೂಗುವ ಜಲಜನಕವನ್ನು, ಕಂಡುಹಿಡಿದಿದ್ದರು. ಶೋನ್‌ಹೈಮರ್ ಮತ್ತು ಡೇವಿಡ್ ರಿಟೆನ್‌ಬರ್ಗ್ ಅಗಸೆ ಎಣ್ಣೆಗೆ ಈ ಭಾರವಾದ ಜಲಜನಕವನ್ನು ಸೇರಿಸಿ, ಗುರುತು ಬಿದ್ದ ಆ ಕೊಬ್ಬನ್ನು ಇಲಿಗಳಿಗೆ ತಿನ್ನಿಸಿದರು. ಇಲಿಗಳಿಗೆ ಕೊಟ್ಟ ಆಹಾರ ತೂಕ ಉಳಿಸಿಕೊಳ್ಳಲೂ ಸಾಲದಷ್ಟಿತ್ತು. ಹಸಿದ ದೇಹ ತಿಂದ ಕೊಬ್ಬನ್ನು ಆ ಕೂಡಲೇ ಉರಿಸಿಬಿಡುತ್ತದೆ, ದಾಸ್ತಾನನ್ನು ಕಷ್ಟಕಾಲಕ್ಕೆಂದು ಮುಟ್ಟದೆ ಇಡುತ್ತದೆ ಎಂಬುದು ಆವರೆಗಿನ ನಂಬಿಕೆ. ಫಲಿತಾಂಶ ತದ್ವಿರುದ್ಧವಾಗಿತ್ತು. ಗುರುತಿನ ಕೊಬ್ಬಿನ ಹೆಚ್ಚಿನ ಪಾಲು ಇಲಿಗಳ ಕೊಬ್ಬಿನ ಅಂಗಾಂಶದಲ್ಲೇ ಸಿಕ್ಕಿತು. ಇಲಿಗಳು ಸೊರಗುತ್ತಿದ್ದಾಗಲೂ ಹೊಸ ಕೊಬ್ಬು ಉಗ್ರಾಣದ ಒಳಗೆ ಹೋಗುತ್ತಿತ್ತು, ಹಳೆಯದು ಹೊರಗೆ ಬಂದು ಉರಿಯುತ್ತಿತ್ತು. ಈ ವರದಿ ಹೊರಬಂದದ್ದು 1935ರಲ್ಲಿ.

ಮನುಷ್ಯರ ಮೇಲೆ ಇಂಥ ಪ್ರಯೋಗವನ್ನು ಚರಿತ್ರೆಯೇ ತಿಳಿಯದೆ ಮಾಡಿಬಿಟ್ಟಿತ್ತು. 1950 ಮತ್ತು 60ರ ದಶಕದ ಆರಂಭದಲ್ಲಿ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಹೆಚ್ಚಿತು. ಅದು ಗಿಡಗಳಿಗೆ, ಗಿಡಗಳಿಂದ ಊಟದ ತಟ್ಟೆಗೆ, ತಟ್ಟೆಯಿಂದ ಮೈಗೆ ಬಂದಿತು. ಪರೀಕ್ಷೆಗಳು ನಿಂತ ಮೇಲೆ ಅದರ ಪ್ರಮಾಣ ವರ್ಷವರ್ಷಕ್ಕೂ ಇಳಿಯುತ್ತ ಬಂದಿರುವುದರಿಂದ, ಮೈಯ ಕೊಬ್ಬಿನಲ್ಲಿ ಅದೆಷ್ಟಿದೆ ಎಂದು ಅಳೆದರೆ ಆ ಕೊಬ್ಬು ಎಂದಿನದು ಎಂದು ಹೇಳಬಹುದು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ತಂಡವೊಂದು 2011ರಲ್ಲಿ ಹೀಗೆ ಅಳೆದು ಹೇಳಿತು: ನಮ್ಮ ಕೊಬ್ಬಿನ ಸರಾಸರಿ ವಯಸ್ಸು ಒಂದೂವರೆ ವರ್ಷಕ್ಕೆ ತುಸು ಹೆಚ್ಚು. ಒಂದು ಕೊಬ್ಬಿನ ಕೋಶ ಸುಮಾರು ಹತ್ತು ವರ್ಷ ಬಾಳುತ್ತದೆ, ಅಷ್ಟರೊಳಗೆ ಅದರಲ್ಲಿರುವ ಸರಕು ಸುಮಾರು ಆರು ಬಾರಿ ಹೊಸದಾಗುತ್ತದೆ.

ಈಗ ತಿಳಿಸಾರಿನ ತುಪ್ಪಕ್ಕೆ ಬರೋಣ. ತುಪ್ಪದ ಒಂದು ಅಣುವೆಂದರೆ ಗ್ಲಿಸರಾಲ್ ಎಂಬ ಪುಟ್ಟ ಹಿಡಿಗೆ ಕಟ್ಟಿದ ಮೂರು ಎಳೆಗಳ ಕುಚ್ಚು. ಒಂದೊಂದು ಎಳೆಯೂ ಒಂದು ಕೊಬ್ಬಿನಾಮ್ಲ, ಅಂದರೆ ಇಂಗಾಲದ ಮಣಿಗಳನ್ನು ಪೋಣಿಸಿದ ಸರ. ತುಪ್ಪದಲ್ಲಿ ಹದಿನಾರು, ಹದಿನೆಂಟು ಇಂಗಾಲದ ಸರಗಳೇ ಹೆಚ್ಚು. ನೇರವಾದ ಸರಗಳು ಸೌದೆ ಒಟ್ಟಿದಂತೆ ಒತ್ತಾಗಿ ಕೂರುವುದರಿಂದ ತುಪ್ಪ ಚಳಿಗೆ ಹೆರೆಯುತ್ತದೆ. ಸರದ ನಡುವೆ ಜೋಡಿಬಂಧವಿದ್ದರೆ ಅಲ್ಲೊಂದು ಸೊಟ್ಟು. ಸೊಟ್ಟ ಸೌದೆಯನ್ನು ಒತ್ತಾಗಿ ಜೋಡಿಸಲಾಗದು. ಶೇಂಗಾ ಎಣ್ಣೆ ನಮ್ಮೂರಿನ ಚಳಿಗೆ ಜಗ್ಗದಿರುವುದು ಇದೇ ಕಾರಣಕ್ಕೆ.

ಸಣ್ಣ ಕರುಳಿನಲ್ಲಿ ಮೊದಲು ಪಿತ್ತರಸ ಬಂದು ತುಪ್ಪವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆಯುತ್ತದೆ. ಜಿಡ್ಡಿನ ಪಾತ್ರೆಗೆ ಸೀಗೆಪುಡಿ ಮಾಡುವ ಕೆಲಸವೇ ಇದೂ. ಆಮೇಲೆ ಮೇದೋಜೀರಕ ಗ್ರಂಥಿಯ ಲೈಪೇಸ್ ಎಂಬ ಕಿಣ್ವ ಕುಚ್ಚಿನ ಎರಡು ಎಳೆಗಳನ್ನು ಕತ್ತರಿಸುತ್ತದೆ. ತುಂಡುಗಳು ಕರುಳಿನ ಗೋಡೆಯ ಕೋಶಗಳನ್ನು ದಾಟಿ ಒಳಗೆ ಹೋದ ಕೂಡಲೇ ನಡೆಯುವುದೇನು ಗೊತ್ತೇ? ಕತ್ತರಿಸಿದ್ದನ್ನೆಲ್ಲ ಅಲ್ಲಿ ಮತ್ತೆ ಕುಚ್ಚು ಕಟ್ಟುತ್ತಾರೆ! ಗೋಡೆ ದಾಟಿಸಲೆಂದು ಬಿಚ್ಚಿದ ಸಾಮಾನನ್ನು ಆಚೆ ಬದಿಯಲ್ಲಿ ಮತ್ತೆ ಜೋಡಿಸಿದ ಹಾಗೆ. ಹೀಗೆ ಜೋಡಿಸಿದ ಕೊಬ್ಬಿಗೆ ಪ್ರೋಟೀನ್ ಮತ್ತು ಫಾಸ್ಫೊಲಿಪಿಡ್‌ಗಳ ಹೊದಿಕೆ ಹೊದಿಸಿ ಕೈಲೋಮೈಕ್ರಾನ್ ಎಂಬ ಮೂಟೆ ಕಟ್ಟಲಾಗುತ್ತದೆ. ಹೊದಿಕೆ ಇರುವುದರಿಂದ ರಕ್ತದಲ್ಲಿ ತುಪ್ಪದ ಬಿಲ್ಲೆಗಳು ತೇಲುವುದಿಲ್ಲ. ಈ ಮೂಟೆಗಳು ನೇರವಾಗಿ ರಕ್ತಕ್ಕೆ ಇಳಿಯದೆ ದುಗ್ಧನಾಳಗಳ ಮೂಲಕ ಎದೆಯೊಳಗೆ ಮೇಲೇರಿ, ಎಡಗಡೆ ಕೊರಳ ಬುಡದ ಅಭಿಧಮನಿಯಲ್ಲಿ ರಕ್ತ ಸೇರುತ್ತವೆ. ಹಬ್ಬದೂಟ ಮುಗಿದು ಮೂರು ಗಂಟೆಗೆ ತೆಗೆದ ರಕ್ತವನ್ನು ಗಾಜಿನ ನಳಿಕೆಯಲ್ಲಿ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೆಂಪು ಕಣಗಳೆಲ್ಲ ತಳಕ್ಕೆ ಇಳಿದ ಮೇಲೆ, ತಿಳಿಹಳದಿಯಾಗಿ ಕಾಣಬೇಕಾದ ಮೇಲಿನ ರಸ ನೀರು ಬೆರೆಸಿದ ಹಾಲಿನಂತೆ ಮಬ್ಬಾಗಿತ್ತು. ಹೋಳಿಗೆಯ ಮೇಲೆ ಸುರಿದ ತುಪ್ಪ ಅಲ್ಲಿತ್ತು.

ಸ್ನಾಯು ಮತ್ತು ಕೊಬ್ಬಿನ ಅಂಗಾಂಶದ ರಕ್ತನಾಳಗಳ ಒಳಗೋಡೆಯಲ್ಲಿ ಇನ್ನೊಂದು ಲೈಪೇಸ್ ಕಾದಿರುತ್ತದೆ. ಅದು ಮೂಟೆಯೊಳಗಿನ ಕುಚ್ಚನ್ನು ಮತ್ತೆ ಬಿಡಿಸಿ ಎಳೆಗಳನ್ನು ಕೋಶಗಳ ಕೈಗೆ ಕೊಡುತ್ತದೆ. ಕೊಬ್ಬಿನ ಕೋಶ ಅವನ್ನು ಮೂರನೆಯ ಬಾರಿಗೆ ಕುಚ್ಚು ಕಟ್ಟಿ ತನ್ನ ದೊಡ್ಡ ಹನಿಯೊಳಗೆ ಹಾಕಿಕೊಳ್ಳುತ್ತದೆ. ಕೂಡಿಡಲು ದೇಹ ಕೊಬ್ಬನ್ನೇ ಆರಿಸಿಕೊಂಡಿರುವುದಕ್ಕೆ ಕಾರಣ ಮತ್ತದೇ ನೀರಿನ ದ್ವೇಷ. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕಿಲೊಕ್ಯಾಲರಿ ಶಕ್ತಿಯಿದೆ, ಪಿಷ್ಟದಲ್ಲಿ 4. ಇದಲ್ಲದೆ ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟರೆ ಪ್ರತಿ ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರು ಜೊತೆಯಲ್ಲಿ ಬಂದು ಕೂರುತ್ತದೆ. ಕೊಬ್ಬಾದರೆ ನೀರನ್ನು ಹತ್ತಿರ ಸೇರಿಸುವುದಿಲ್ಲ. ನಮ್ಮ ದಾಸ್ತಾನೆಲ್ಲ ಗ್ಲೈಕೊಜೆನ್ ಆಗಿದ್ದಿದ್ದರೆ ಅದನ್ನು ಹೊತ್ತು ನಡೆಯುವುದೇ ಕಷ್ಟವಾಗುತ್ತಿತ್ತು.

ಊಟವಾಗಿ ಬಹಳ ಹೊತ್ತಾಗಿದೆ, ರಕ್ತದಲ್ಲಿ ಇನ್ಸುಲಿನ್ ಇಳಿದಿದೆ, ಅಥವಾ ನಾಯಿ ಅಟ್ಟಿಸಿಕೊಂಡು ಬಂದು ಅಡ್ರಿನಲಿನ್ ಏರಿದೆ ಎನ್ನಿ. ಆಗ ಉಗ್ರಾಣದ ಬಾಗಿಲು ತೆರೆಯುತ್ತದೆ. ಕೊಬ್ಬಿನ ಹನಿಯ ಸುತ್ತ ಪೆರಿಲಿಪಿನ್ ಎಂಬ ಕಾವಲು ಪ್ರೋಟೀನ್ ಇರುತ್ತದೆ. ಅದು ಸರಿದು ದಾರಿ ಬಿಟ್ಟಾಗ ಮೂರು ಕಿಣ್ವಗಳು ಒಂದಾದ ಮೇಲೊಂದು ಬಂದು ಮೂರು ಎಳೆಗಳನ್ನೂ ಬಿಡಿಸುತ್ತವೆ. ಮೊದಲನೆಯ ಎಳೆ ಬಿಡಿಸುವ ಕಿಣ್ವ ಯಾವುದೆಂದು ಗೊತ್ತಾದದ್ದು 2004ರಲ್ಲಿ, ಅಂದರೆ ತೀರ ಈಚೆಗೆ. ಬಿಡುಗಡೆಯಾದ ಎಳೆಗಳು ರಕ್ತದಲ್ಲಿ ಆಲ್ಬುಮಿನ್ ಪ್ರೋಟೀನಿನ ಬೆನ್ನೇರಿ ಹೃದಯಕ್ಕೆ, ಸ್ನಾಯುವಿಗೆ, ಯಕೃತ್ತಿಗೆ ಹೋಗುತ್ತವೆ.

ಅಲ್ಲಿ ಅವು ಒಡೆಯುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟ ಪ್ರಯೋಗ ನನಗೆ ಬಲು ಪ್ರಿಯವಾದದ್ದು. 1904ರಲ್ಲಿ ಜರ್ಮನಿಯ ಫ್ರಾನ್ಸ್ ಕ್ನೂಪ್ ಅವರ ಬಳಿ ವಿಕಿರಣದ ಗುರುತಾಗಲಿ ಭಾರಜಲಜನಕವಾಗಲಿ ಇರಲಿಲ್ಲ. ಅವರು ಕೊಬ್ಬಿನಾಮ್ಲದ ಬಾಲಕ್ಕೆ ಬೆಂಜೀನ್ ಉಂಗುರವೊಂದನ್ನು ಗಂಟು ಹಾಕಿದರು. ಆ ಉಂಗುರವನ್ನು ನಾಯಿಯ ದೇಹ ಉರಿಸಲಾರದು, ಮೂತ್ರದಲ್ಲಿ ಹೊರಹಾಕಲೇಬೇಕು. ಹಾಗಾಗಿ ಮೂತ್ರದಲ್ಲಿ ಉಂಗುರದ ಜೊತೆ ಎಷ್ಟು ಇಂಗಾಲ ಉಳಿದಿದೆ ಎಂದು ನೋಡಿದರೆ ಸರ ಎಲ್ಲೆಲ್ಲಿ ಕತ್ತರಿಸಿತೆಂದು ತಿಳಿಯುತ್ತದೆ. ಅವರು ಬೇರೆ ಬೇರೆ ಉದ್ದದ ಸರಗಳನ್ನು ನಾಯಿಗಳಿಗೆ ತಿನ್ನಿಸಿದರು. ಸರದಲ್ಲಿ ಇಂಗಾಲಗಳು ಬೆಸಸಂಖ್ಯೆಯಲ್ಲಿದ್ದಾಗ ಉಂಗುರದ ಜೊತೆ ಉಳಿದದ್ದು ಒಂದೇ ಇಂಗಾಲ. ಸಮಸಂಖ್ಯೆಯಲ್ಲಿದ್ದಾಗ ಉಳಿದದ್ದು ಎರಡು. ಮೂರು, ನಾಲ್ಕು ಎಂದೂ ಉಳಿಯಲಿಲ್ಲ. ಅಂದ ಮೇಲೆ ದೇಹ ಸರವನ್ನು ಎರಡೆರಡು ಇಂಗಾಲದ ಲೆಕ್ಕದಲ್ಲೇ ಕತ್ತರಿಸುತ್ತಿರಬೇಕು, ಅದೂ ಬಾಲದ ಕಡೆಯಿಂದಲ್ಲ, ತಲೆಯ ಕಡೆಯಿಂದ! ಒಂದು ಕಿಣ್ವವನ್ನೂ ಕಾಣದೆ, ಬರೀ ಮೂತ್ರದಲ್ಲಿ ಉಳಿದದ್ದನ್ನು ನೋಡಿ ಕ್ನೂಪ್ ಕಂಡ ಈ ಸತ್ಯ ಇಂದಿಗೂ ಕದಲಿಲ್ಲ. ಇದನ್ನು ಬೀಟಾ ಉತ್ಕರ್ಷಣ ಎನ್ನುತ್ತೇವೆ.

ಕತ್ತರಿಸಿ ಬಿದ್ದ ಎರಡು ಇಂಗಾಲದ ತುಂಡು ಯಾವುದೆಂದು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1951ರಲ್ಲಿ ಫಿಯೊಡರ್ ಲೀನೆನ್ ಯೀಸ್ಟಿನಿಂದ ಅದನ್ನು ಹಿಡಿದು ತೋರಿಸಿದರು: ಅಸಿಟೈಲ್ ಕೋಎ. ಕೋಎನ್ಜೈಮ್ ಎ ಎಂಬ ಹಿಡಿಕೆಗೆ ಸಿಕ್ಕಿಸಿದ ವಿನೆಗರಿನ ತುಂಡು ಎಂದುಕೊಳ್ಳಿ. ಹದಿನಾರು ಇಂಗಾಲದ ಪಾಮಿಟಿಕ್ ಆಮ್ಲಕ್ಕೆ ಏಳು ಸುತ್ತು ಕತ್ತರಿ ಬಿದ್ದರೆ ಎಂಟು ಅಸಿಟೈಲ್ ತುಂಡುಗಳು ಸಿಗುತ್ತವೆ. ಅವು ಕ್ರೆಬ್ಸ್ ಚಕ್ರವೆಂಬ ಕ್ರಿಯೆಗಳ ಸರಣಿಯಲ್ಲಿ ಉರಿದು ಮುಗಿಯುವಾಗ ಆ ಒಂದು ಸರದಿಂದ 106 ಎಟಿಪಿ ನಿವ್ವಳ ಲಾಭ. ಎಟಿಪಿ ಎಂದರೆ ಕೋಶ ತನ್ನ ಶಕ್ತಿಯನ್ನು ಖರ್ಚು ಮಾಡುವ ಚಿಲ್ಲರೆ ನಾಣ್ಯ. ಇಂಗಾಲವೆಲ್ಲ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೋಗುತ್ತದೆ. ತೂಕ ಇಳಿಸಿದವರು ಕೊಬ್ಬು ಬೆವರಾಗಿ ಹೋಯಿತು ಎನ್ನುತ್ತಾರೆ. ಲೆಕ್ಕ ಹಾಕಿದರೆ 10 ಕಿಲೊ ಕೊಬ್ಬು ಪೂರ್ತಿ ಉರಿದಾಗ 8.4 ಕಿಲೊ ಉಸಿರಾಗಿಯೇ ಹೋಗುತ್ತದೆ, ನೀರಾಗುವುದು 1.6 ಕಿಲೊ ಮಾತ್ರ.

ಈ ಉರಿಯುವಿಕೆಯೆಲ್ಲ ಕೋಶದ ಒಲೆಯಾದ ಮೈಟೊಕಾಂಡ್ರಿಯದ ಒಳಗೆ ನಡೆಯುವಂಥದ್ದು. ಉದ್ದನೆಯ ಸರಗಳಿಗೆ ಅಲ್ಲಿ ನೇರ ಪ್ರವೇಶವಿಲ್ಲ. ಕಾರ್ನಿಟೈನ್ ಎಂಬ ಅಂಬಿಗನ ಕೈಹಿಡಿದೇ ಒಳಗೆ ಹೋಗಬೇಕು. ಈ ದೋಣಿಕಟ್ಟೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.

ಕಟ್ಟುವ ಕೆಲಸ ಒಡೆಯುವ ಕೆಲಸದ ಹಿಮ್ಮುಖ ಓಟ ಎಂದು ಬಹಳ ಕಾಲ ತಿಳಿದಿದ್ದರು. ಅದು ತಪ್ಪೆಂದು 1950ರ ದಶಕದ ಕೊನೆಯಲ್ಲಿ ಗೊತ್ತಾಯಿತು. ಕಟ್ಟುವ ಜಾಗವೇ ಬೇರೆ: ಮೈಟೊಕಾಂಡ್ರಿಯದ ಹೊರಗೆ, ಕೋಶರಸದಲ್ಲಿ. ಸಾಲಿಹ್ ವಕೀಲ್ ಮತ್ತು ಜೊತೆಗಾರರಿಗೆ ಎದುರಾದ ಒಗಟು ಸೊಗಸಾಗಿತ್ತು. ಪ್ರನಾಳದಲ್ಲಿ ಕೊಬ್ಬಿನಾಮ್ಲ ತಯಾರಾಗಬೇಕಾದರೆ ಬೈಕಾರ್ಬನೇಟ್ ಬೇಕೇ ಬೇಕಿತ್ತು, ಆದರೆ ಅದರ ಇಂಗಾಲ ತಯಾರಾದ ಕೊಬ್ಬಿನಲ್ಲಿ ಕಾಣುತ್ತಲೇ ಇರಲಿಲ್ಲ. ಅಸಿಟೈಲ್ ತುಂಡಿಗೆ ಮೊದಲು ಒಂದು ಇಂಗಾಲದ ಡೈಆಕ್ಸೈಡ್ ಸೇರಿ ಮೂರು ಇಂಗಾಲದ ಮಾಲೊನೈಲ್ ಕೋಎ ಆಗುತ್ತದೆ ಎಂಬುದೇ ಉತ್ತರ. ಬೆಳೆಯುತ್ತಿರುವ ಸರಕ್ಕೆ ಅದು ಸೇರುವ ಕ್ಷಣದಲ್ಲಿ ಆ ಡೈಆಕ್ಸೈಡ್ ಕಳಚಿ ಹೋಗುತ್ತದೆ. ಅದು ಬರೀ ಕೈಸಾಲ. ಅಸಿಟೈಲ್ ತುಂಡುಗಳು ತಾವಾಗಿಯೇ ಒಂದಕ್ಕೊಂದು ಅಂಟುವುದಿಲ್ಲ, ಈ ಸಾಲ ಮರಳುವಾಗ ಸಿಗುವ ನೂಕುಬಲದಿಂದ ಅಂಟುತ್ತವೆ. ಕೊಬ್ಬಿನಾಮ್ಲ ಸಿಂಥೇಸ್ ಎಂಬ ಭಾರಿ ಕಿಣ್ವ ತನ್ನ ತೂಗುವ ತೋಳಿನಲ್ಲಿ ಸರವನ್ನು ಹಿಡಿದು, ಮಗ್ಗದ ಲಾಳಿಯಂತೆ ಒಂದು ಬದಿಯಿಂದ ಇನ್ನೊಂದು ಬದಿಗೆ ಒಯ್ಯುತ್ತ, ಎರಡೆರಡು ಇಂಗಾಲ ಸೇರಿಸುತ್ತ ಹೋಗುತ್ತದೆ. ಹದಿನಾರಾದಾಗ ಬಿಟ್ಟುಬಿಡುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಒಂದೇ ಕೋಶದಲ್ಲಿ ಈ ಕಡೆ ಕಟ್ಟುತ್ತ, ಆ ಕಡೆ ಒಡೆಯುತ್ತ ಹೋದರೆ ಶಕ್ತಿ ವ್ಯರ್ಥವಲ್ಲವೇ? 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಮ್ಯಾಕ್‌ಗ್ಯಾರಿ ಮತ್ತು ಫಾಸ್ಟರ್ ಇದಕ್ಕೆ ಉತ್ತರ ಕಂಡುಕೊಂಡರು. ಕಟ್ಟುವ ಕೆಲಸ ಆರಂಭವಾದೊಡನೆ ಹೆಚ್ಚುವ ಆ ಮಾಲೊನೈಲ್ ಕೋಎ ಇದೆಯಲ್ಲ, ಅದೇ ಹೋಗಿ ಕಾರ್ನಿಟೈನಿನ ದೋಣಿಕಟ್ಟೆಯನ್ನು ಮುಚ್ಚುತ್ತದೆ. ಒಂದು ಕೆಲಸದ ಕಚ್ಚಾವಸ್ತುವೇ ಇನ್ನೊಂದು ಕೆಲಸದ ಬೀಗ. ಇಷ್ಟು ಚೊಕ್ಕವಾದ ಏರ್ಪಾಡನ್ನು ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವಾಗಲೂ ನನಗೆ ಹೊಸದಾಗಿ ಖುಷಿಯಾಗುತ್ತದೆ.

ಎಣ್ಣೆ ತುಪ್ಪ ಬಿಟ್ಟರೂ ತೂಕ ಇಳಿಯಲಿಲ್ಲ ಎನ್ನುವವರಿಗೂ ಇದರಲ್ಲಿ ಉತ್ತರವಿದೆ. ಅನ್ನ, ಮುದ್ದೆ, ಸಿಹಿ ಅಗತ್ಯಕ್ಕಿಂತ ಹೆಚ್ಚಾದಾಗ ಯಕೃತ್ತು ಅದರ ಸಕ್ಕರೆಯಿಂದ ಕೊಬ್ಬನ್ನು ಕಟ್ಟಬಲ್ಲದು. ಆದರೆ ದಿನನಿತ್ಯದ ಊಟದಲ್ಲಿ ಹೀಗೆ ಕೊಬ್ಬಾಗುವ ಸಕ್ಕರೆಯ ಪಾಲು ಸಣ್ಣದು. ಅದಕ್ಕಿಂತ ದೊಡ್ಡ ಕೆಲಸ ಇನ್ಸುಲಿನ್‌ನದು. ಸಕ್ಕರೆ ಬಂದಾಗ ಏರುವ ಇನ್ಸುಲಿನ್ ಉಗ್ರಾಣದ ಬಾಗಿಲನ್ನೂ ದೋಣಿಕಟ್ಟೆಯನ್ನೂ ಮುಚ್ಚಿಸುತ್ತದೆ. ಸಕ್ಕರೆ ಉರಿಯುತ್ತಿರುವಷ್ಟು ಹೊತ್ತೂ, ತಿಂದ ಕೊಬ್ಬು ಎಷ್ಟು ಸ್ವಲ್ಪವಿದ್ದರೂ, ಉರಿಯದೆ ಉಳಿಯುತ್ತದೆ.

ಸಕ್ಕರೆ ಕೊಬ್ಬಾಗಬಲ್ಲದು, ಕೊಬ್ಬಿನ ಸರ ಸಕ್ಕರೆಯಾಗಲಾರದು. ಇದು ನಮ್ಮ ಮೈಯ ಏಕಮುಖ ರಸ್ತೆ. ಕ್ರೆಬ್ಸ್ ಚಕ್ರಕ್ಕೆ ಎರಡು ಇಂಗಾಲ ಹೋದರೆ ಎರಡು ಇಂಗಾಲ ಡೈಆಕ್ಸೈಡ್ ಆಗಿ ಹೊರಬರುತ್ತವೆ, ಸಕ್ಕರೆ ಕಟ್ಟಲು ಏನೂ ಮಿಗುವುದಿಲ್ಲ. ಕುಚ್ಚಿನ ಹಿಡಿಯಾದ ಗ್ಲಿಸರಾಲ್ ಮಾತ್ರ ಸಕ್ಕರೆಯಾದೀತು. ಗಿಡಗಳ ಹಣೆಬರಹ ಬೇರೆ. ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಶೇಂಗಾ ಮೊಳಕೆಯೊಡೆಯುವುದನ್ನು ನೋಡಿ. ಬೆಳಕು ತಾಗದ ಆ ಎಳೆ ಬೇರಿಗೆ, ಕಾಂಡಕ್ಕೆ ಬೇಕಾದ ಸಕ್ಕರೆಯ ಬಹುಪಾಲು ಬರುವುದು ಬೀಜದ ಎಣ್ಣೆಯಿಂದ. ಎರಡು ಇಂಗಾಲಗಳನ್ನು ಡೈಆಕ್ಸೈಡ್ ಆಗಲು ಬಿಡದೆ ಬೇರೆ ದಾರಿಯಲ್ಲಿ ತಿರುಗಿಸಿಕೊಳ್ಳುವ ಗ್ಲೈಆಕ್ಸಿಲೇಟ್ ಚಕ್ರ ಅವುಗಳಲ್ಲಿದೆ. 1957ರಲ್ಲಿ ಕಾರ್ನ್‌ಬರ್ಗ್ ಮತ್ತು ಕ್ರೆಬ್ಸ್ ಅದನ್ನು ವಿವರಿಸಿದರು. ಹರಳು ಬೀಜದಲ್ಲೂ ಹೀಗೆಯೇ.

ಹಾಗಾದರೆ ದಿನಗಟ್ಟಲೆ ಉಪವಾಸವಿದ್ದರೆ ಮಿದುಳಿನ ಗತಿಯೇನು? ಮಿದುಳು ಸಕ್ಕರೆ ಕೇಳುತ್ತದೆ, ಕೊಬ್ಬಿನಾಮ್ಲವನ್ನು ಇಂಧನವಾಗಿ ಹೆಚ್ಚೇನೂ ಬಳಸದು. ನೀರನ್ನೂ ಮುಟ್ಟದೆ ಏಕಾದಶಿ ಮಾಡುವವರಿಗೆ ಮರುದಿನ ಬೆಳಗಿನ ಹೊತ್ತಿಗೆ ಯಕೃತ್ತಿನ ಗ್ಲೈಕೊಜೆನ್ ಬಹುತೇಕ ಬರಿದಾಗಿರುತ್ತದೆ. ಆಗ ಯಕೃತ್ತು ಅಸಿಟೈಲ್ ತುಂಡುಗಳನ್ನು ಜೋಡಿಸಿ, ನೀರಿನಲ್ಲಿ ಕರಗುವ ಕೀಟೋನ್‌ಗಳನ್ನು ಮಾಡಿ ಕಳಿಸುತ್ತದೆ. ಬೋಸ್ಟನ್ನಿನಲ್ಲಿ ಜಾರ್ಜ್ ಕಾಹಿಲ್ ಮತ್ತು ಜೊತೆಗಾರರು 1967ರಲ್ಲಿ ತೋರಿಸಿದಂತೆ, ವಾರಗಟ್ಟಲೆ ಉಪವಾಸವಿದ್ದವರ ಮಿದುಳು ತನಗೆ ಬೇಕಾದ ಶಕ್ತಿಯ ಸುಮಾರು ಮೂರನೇ ಎರಡು ಭಾಗವನ್ನು ಕೀಟೋನ್‌ಗಳಿಂದಲೇ ಪಡೆಯುತ್ತಿತ್ತು. ಇನ್ಸುಲಿನ್ ಇಲ್ಲದ ಮಧುಮೇಹಿಯಲ್ಲಿ ಇದೇ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುತ್ತದೆ. ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಬಂದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇಲ್ಲಿಯವರೆಗೆ ಕೊಬ್ಬನ್ನು ಸೌದೆಯಂತೆ ನೋಡಿದೆವು. ಅದೇ ಸೌದೆಯಿಂದ ಕೋಶಗಳು ತಮ್ಮ ಮನೆಯ ಗೋಡೆಯನ್ನೂ ಕಟ್ಟುತ್ತವೆ. ಕುಚ್ಚಿನ ಮೂರನೆಯ ಎಳೆಯ ಜಾಗದಲ್ಲಿ ನೀರನ್ನು ಮೆಚ್ಚುವ ಫಾಸ್ಫೇಟ್ ತಲೆಯೊಂದನ್ನು ಕೂರಿಸಿದರೆ ಫಾಸ್ಫೊಲಿಪಿಡ್. ನೀರಿಗೆ ಬಿಟ್ಟರೆ ಇವು ತಾವಾಗಿಯೇ ತಲೆ ಹೊರಗೆ, ಬಾಲ ಒಳಗೆ ಮಾಡಿಕೊಂಡು ಎರಡು ಸಾಲಾಗಿ ನಿಲ್ಲುತ್ತವೆ. 1925ರಲ್ಲಿ ಹಾಲೆಂಡಿನ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡನ್ನೆಲ್ಲ ತೆಗೆದು ನೀರಿನ ಮೇಲೆ ಹರಡಿದಾಗ, ಅದು ಕಣಗಳ ಮೇಲ್ಮೈಯ ಎರಡರಷ್ಟು ಜಾಗ ತುಂಬಿತು. ಪೊರೆ ಎರಡು ಪದರದ್ದು ಎಂದು ಅವರು ತೀರ್ಮಾನಿಸಿದರು. ಅವರು ಲಿಪಿಡನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಅಂದಾಜು ಮಾಡಿದ್ದರು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿದವು, ತೀರ್ಮಾನ ಸರಿಯಾಗಿಯೇ ಉಳಿಯಿತು. ಪೊರೆಗೆ ಬೇಕಾದ ಕೆಲವು ಸೊಟ್ಟ ಸರಗಳನ್ನು ಮಾತ್ರ ನಮ್ಮ ಕೋಶಗಳು ತಾವೇ ಮಾಡಲಾರವು, ಏಕೆಂದರೆ ಒಂಬತ್ತನೆಯ ಇಂಗಾಲದ ಆಚೆ ಜೋಡಿಬಂಧ ಹಾಕುವ ಕಿಣ್ವ ನಮ್ಮಲ್ಲಿಲ್ಲ. ಅವನ್ನು ತಿಂದೇ ಪಡೆಯಬೇಕು. ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸೆ ಚಟ್ನಿಪುಡಿಯಲ್ಲಿ ಅವು ಧಾರಾಳವಾಗಿವೆ.

ಕೊಲೆಸ್ಟೆರಾಲ್ ಕೂಡ ಇದೇ ಪೊರೆಗೆ ಬೇಕಾದ ಸಾಮಾನು, ಜೊತೆಗೆ ಪಿತ್ತರಸಕ್ಕೂ ಲೈಂಗಿಕ ಹಾರ್ಮೋನುಗಳಿಗೂ ಮೂಲ. ಅದರ 27 ಇಂಗಾಲಗಳೂ ಅಸಿಟೈಲ್ ತುಂಡುಗಳಿಂದಲೇ ಬಂದವು ಎಂದು ತೋರಿಸಿದ ಕಾನ್ರಾಡ್ ಬ್ಲಾಕ್, ಲೀನೆನ್ ಜೊತೆಗೆ 1964ರ ನೊಬೆಲ್ ಪಡೆದರು. ಆ ತಯಾರಿಕೆಯ ದಾರಿಯಲ್ಲಿ ಒಂದು ಕಿಣ್ವವೇ ಮುಖ್ಯ ತೂಬು. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ, ಕೊನೆಗೆ ಕ್ಯೋಟೊದ ಅಂಗಡಿಯ ಅಕ್ಕಿಯಲ್ಲಿ ಸಿಕ್ಕ ಪೆನಿಸಿಲಿಯಮ್ ಬೂಷ್ಟಿನಿಂದ 1973ರಲ್ಲಿ ಆ ತೂಬು ಮುಚ್ಚುವ ವಸ್ತುವನ್ನು ತೆಗೆದರು. ಇಂದು ಹೃದಯದ ಕಾಯಿಲೆಯವರು ರಾತ್ರಿ ನುಂಗುವ ಸ್ಟ್ಯಾಟಿನ್ ಮಾತ್ರೆಗಳ ಮೂಲ ಅದೇ.

ಕಟ್ಟಿದ ಗೋಡೆ ಹಳತಾಗುತ್ತದೆ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಅದು ಮುಗಿದ ಮೇಲೆ ಗುಲ್ಮದಲ್ಲಿರುವ ಭಕ್ಷಕ ಕೋಶಗಳು ಕಣವನ್ನು ನುಂಗಿ, ಲೈಸೊಸೋಮ್ ಎಂಬ ಚೀಲದಲ್ಲಿ ಅದರ ಪೊರೆಯನ್ನು ಕಳಚುತ್ತವೆ. ಒಂದೊಂದು ಗಂಟಿಗೂ ಒಂದೊಂದು ಕಿಣ್ವ. ಪೊರೆಯ ಗ್ಲೂಕೊಸೆರೆಬ್ರೊಸೈಡ್ ಎಂಬ ಲಿಪಿಡನ್ನು ಒಡೆಯುವ ಒಂದೇ ಒಂದು ಕಿಣ್ವ ಹುಟ್ಟಿನಿಂದ ಕೆಟ್ಟಿದ್ದರೆ, ಬೇರೆಲ್ಲ ಸರಿಯಿದ್ದರೂ ಆ ಲಿಪಿಡ್ ಚೀಲದಲ್ಲಿ ತುಂಬುತ್ತ ಹೋಗುತ್ತದೆ. ಇದೇ ಗೋಷೇ ಕಾಯಿಲೆ. ಮಗುವಿನ ಗುಲ್ಮ ಮತ್ತು ಯಕೃತ್ತು ಊದಿ ಹೊಟ್ಟೆ ದೊಡ್ಡದಾಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೂಳೆ ನೋಯುತ್ತದೆ. ಕೆರೆಗೆ ನೀರು ಬರುತ್ತಿದೆ, ತೂಬು ಮಾತ್ರ ಕಟ್ಟಿಕೊಂಡಿದೆ.

ಯಾವ ಕಿಣ್ವ ಕೆಟ್ಟಿದೆ ಎಂದು 1960ರ ದಶಕದಲ್ಲಿ ಪತ್ತೆ ಮಾಡಿದ ಅಮೆರಿಕದ ರೋಸ್ಕೊ ಬ್ರೇಡಿ, ಆ ಕಿಣ್ವವನ್ನು ಹೊರಗಿನಿಂದ ಕೊಟ್ಟರೇನು ಎಂದು ಯೋಚಿಸಿದರು. ಹೆರಿಗೆಯ ನಂತರ ಬೀಳುವ ಮಾಸಿನಿಂದ ಕಿಣ್ವವನ್ನು ಶುದ್ಧಮಾಡಿದರು. ಆದರೆ ರಕ್ತಕ್ಕೆ ಕೊಟ್ಟ ಕಿಣ್ವದ ಹೆಚ್ಚಿನ ಪಾಲು ಬೇರೆ ಕೋಶಗಳ ಪಾಲಾಯಿತು. ಭಕ್ಷಕ ಕೋಶಗಳ ಮೈಮೇಲೆ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುವ ಕೈಗಳಿವೆ. ಹಾಗಾಗಿ ಕಿಣ್ವಕ್ಕೆ ಅಂಟಿದ ಸಕ್ಕರೆಯ ಸರಗಳ ತುದಿಯನ್ನು ಸವರಿ ಮ್ಯಾನೋಸ್ ಹೊರಗೆ ಕಾಣುವಂತೆ ಮಾಡಿದರು. ಆಗ ಅದು ಸರಿಯಾದ ಮನೆ ಸೇರಿತು. 1991ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧವಾಗಿ ಮಂಜೂರಾತಿ ಸಿಕ್ಕಿತು. ಈಗ ಮಾಸು ಬೇಕಾಗಿಲ್ಲ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳೇ ಕಿಣ್ವವನ್ನು ತಯಾರಿಸುತ್ತವೆ. ಆದರೂ ಬೆಲೆ ಸಾಮಾನ್ಯ ಕುಟುಂಬಕ್ಕೆ ನಿಲುಕುವಂಥದ್ದಲ್ಲ. ನಮ್ಮ ದೇಶದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಔಷಧವಾದರೋ ಜೀವನಪೂರ್ತಿ ಬೇಕು. ಹಣ ಮುಗಿದ ಮೇಲೆ ಮುಂದೇನು ಎಂದು ತಂದೆತಾಯಿ ಕೇಳುವ ಪ್ರಶ್ನೆಗೆ ವಿಜ್ಞಾನದ ಬಳಿ ಉತ್ತರವಿಲ್ಲ, ಸರ್ಕಾರದ ಬಳಿ ಇರಬೇಕು. ಎರಡು ವಾರಕ್ಕೊಮ್ಮೆ ತಪ್ಪದೆ ಕಿಣ್ವ ಸಿಕ್ಕ ಮಗುವಿನ ಗುಲ್ಮ ತಿಂಗಳು ತಿಂಗಳಿಗೂ ಕುಗ್ಗುತ್ತ ಬರುತ್ತದೆ, ಊದಿದ ಹೊಟ್ಟೆ ಇಳಿಯುತ್ತದೆ.